∀, ∃, ≠, √: ಗಣಿತ ಮತ್ತು ತರ್ಕದ ಚಿಹ್ನೆ ಟೈಪ್ ಮಾಡುವ ಬಗೆ

ಕೀಬೋರ್ಡಿನಲ್ಲಿ ಗಣಿತಕ್ಕೆಂದು ಸಿಗುವುದು +, =, <, > ಇಂಥ ಕೆಲವೇ ಚಿಹ್ನೆಗಳು. ಉಳಿದವನ್ನು ಎಲ್ಲಿಂದಲೋ ಕಾಪಿ ಮಾಡಿ ಅಂಟಿಸುವವರೇ ಹೆಚ್ಚು. ಪ್ರಶ್ನೆಪತ್ರಿಕೆಯಲ್ಲಿ ಒಂದೆರಡು ಬಂದರೆ ಅಷ್ಟು ಸಾಕು. ಪುಟಕ್ಕೆ ಇಪ್ಪತ್ತು ಬರುವುದಾದರೆ ಯೂನಿಕೋಡ್ (ಪ್ರತಿ ಅಕ್ಷರಕ್ಕೂ ಚಿಹ್ನೆಗೂ ಒಂದೊಂದು ಸಂಖ್ಯೆ ಕೊಟ್ಟಿರುವ ಜಾಗತಿಕ ಪಟ್ಟಿ) ಸಂಖ್ಯೆಗಳನ್ನು ಕಲಿತುಬಿಡುವುದೇ ಲಾಭ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಸಂಖ್ಯೆ ಒಂದೇ. ಅದನ್ನು ಒತ್ತುವ ರೀತಿಯಷ್ಟೇ ಬೇರೆ.

ಹೆಚ್ಚು ಬೇಕಾಗುವವು ಇವು:

∀ 2200, ∃ 2203, ∅ 2205, ∈ 2208, ∉ 2209
∧ 2227, ∨ 2228, ∩ 2229, → 2192, ↔ 2194
≠ 2260, ≡ 2261, ≤ 2264, ≥ 2265, ∴ 2234, ⊂ 2282, ⊆ 2286
∪ 222ಎ, √ 221ಎ, ∞ 221ಇ, ¬ 00ಎಸಿ (ಇಲ್ಲಿನ ಎ, ಇ, ಸಿ ಇಂಗ್ಲಿಷ್ ಅಕ್ಷರಗಳು)

ವಿಂಡೋಸ್‌ನ ವರ್ಡ್‌ನಲ್ಲಿ 2200 ಎಂದು ಟೈಪ್ ಮಾಡಿ, ಕರ್ಸರ್ ಅಲ್ಲೇ ಇರುವಾಗ ಆಲ್ಟ್ ಹಿಡಿದು ಎಕ್ಸ್ ಒತ್ತಿ. ಸಂಖ್ಯೆ ಹೋಗಿ ∀ ಬರುತ್ತದೆ. ಲಿಬ್ರೆಆಫೀಸ್ ರೈಟರ್‌ನಲ್ಲೂ ಹೀಗೆಯೇ. ಚಿಹ್ನೆಯ ಪಕ್ಕ ನಿಂತು ಮತ್ತೆ ಅದನ್ನೇ ಒತ್ತಿದರೆ ಸಂಖ್ಯೆ ವಾಪಸ್ ಬರುವುದರಿಂದ, ಬೇರೆಯವರ ಕಡತದಲ್ಲಿ ಕಂಡ ಚಿಹ್ನೆಯ ಗುರುತನ್ನೂ ಹೀಗೆ ಪತ್ತೆ ಮಾಡಬಹುದು.

ಎಡವುವುದು ಒಂದು ಕಡೆ. 5 ≤ ಬರೆಯಲು ಜಾಗ ಬಿಡದೆ 52264 ಎಂದು ಒತ್ತಿದರೆ ವರ್ಡ್ ಐದೂ ಅಂಕಿಯನ್ನು ಒಂದೇ ಸಂಖ್ಯೆಯೆಂದು ಓದಿ ಬೇರೇನನ್ನೋ ಕೊಡುತ್ತದೆ. ಹಿಂದೆ ಎ, ಬಿ, ಸಿ, ಡಿ, ಇ, ಎಫ್ ಅಕ್ಷರ ಇದ್ದರೂ ಇದೇ ಪಾಡು, ಏಕೆಂದರೆ ಅವೂ ಹದಿನಾರರ ಪದ್ಧತಿಯ ಅಂಕಿಗಳೇ. ಗಣಗಳಿಗೆ ಎ, ಬಿ ಎಂದೇ ಹೆಸರಿಡುವುದರಿಂದ ಗಣಗಳ ಪಾಠದಲ್ಲಿ ಇದು ಪದೇಪದೇ ಆಗುತ್ತದೆ. ಕೊನೆಯ ನಾಲ್ಕು ಅಂಕಿಗಳನ್ನು ಮಾತ್ರ ಆಯ್ದುಕೊಂಡು ಆಲ್ಟ್-ಎಕ್ಸ್ ಒತ್ತಿ. ಕನ್ನಡ ಕೀಲಿವಿನ್ಯಾಸ ಚಾಲೂ ಇದ್ದು ೨೨೦೦ ಎಂದು ಕನ್ನಡ ಅಂಕಿ ಮೂಡಿದರೆ ಏನೂ ಆಗದು, ಇಂಗ್ಲಿಷಿಗೆ ಬದಲಿಸಿಕೊಳ್ಳಿ.

ಲಿನಕ್ಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಯು ಒಟ್ಟಿಗೆ ಒತ್ತಿ ಬಿಟ್ಟು, ಸಂಖ್ಯೆ ಹೊಡೆದು ಎಂಟರ್ ಒತ್ತಿ. ಹೆಚ್ಚಿನ ತಂತ್ರಾಂಶಗಳಲ್ಲಿ ನಡೆಯುತ್ತದೆ. ಮ್ಯಾಕ್‌ನಲ್ಲಿ ಕೀಬೋರ್ಡ್ ಸೆಟ್ಟಿಂಗ್ಸ್‌ನ ಇನ್‌ಪುಟ್ ಸೋರ್ಸ್ ಪಟ್ಟಿಗೆ ‘ಯೂನಿಕೋಡ್ ಹೆಕ್ಸ್ ಇನ್‌ಪುಟ್’ ಸೇರಿಸಿ, ಅದನ್ನು ಆರಿಸಿ, ಆಪ್ಷನ್ ಹಿಡಿದೇ ನಾಲ್ಕೂ ಅಂಕಿ ಒತ್ತಬೇಕು. ಮ್ಯಾಕ್‌ನ ಮಾಮೂಲಿ ಇಂಗ್ಲಿಷ್ ವಿನ್ಯಾಸದಲ್ಲೇ ಆಪ್ಷನ್ ಜೊತೆ = ಒತ್ತಿದರೆ ≠, ಅಲ್ಪವಿರಾಮ ಒತ್ತಿದರೆ ≤, ವಿ ಒತ್ತಿದರೆ √, ಎಲ್ ಒತ್ತಿದರೆ ¬ ಸಿಗುತ್ತವೆ.

ವಿಂಡೋಸ್‌ನಲ್ಲಿ ಆಲ್ಟ್ ಹಿಡಿದು ಬಲಬದಿಯ ನಂಬರ್‌ಪ್ಯಾಡಿನಲ್ಲಿ ಸಂಖ್ಯೆ ಒತ್ತುವ ಹಳೆಯ ದಾರಿಯೂ ಇದೆ: 251ಕ್ಕೆ √, 0172ಕ್ಕೆ ¬, 0215ಕ್ಕೆ ×. ನಮ್ ಲಾಕ್ ಚಾಲೂ ಇರಬೇಕು, ಮೇಲಿನ ಸಾಲಿನ ಅಂಕಿ ಆಗದು. ಮುಂದಿನ ಸೊನ್ನೆಯನ್ನು ಹಗುರವಾಗಿ ಕಾಣಬೇಡಿ: 247 ಎಂದರೆ ≈, 0247 ಎಂದರೆ ÷. ಎರಡೂ ಬೇರೆಬೇರೆ ಹಳೆಯ ಅಕ್ಷರಪಟ್ಟಿಗಳಿಂದ ಬಂದವು, ∀, ∃ ಅವೆರಡರಲ್ಲೂ ಇಲ್ಲ. ನಂಬರ್‌ಪ್ಯಾಡ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಕೀ ಜೊತೆ ಚುಕ್ಕಿ ಒತ್ತಿ. ತೆರೆಯುವ ಎಮೋಜಿ ಫಲಕದ ಚಿಹ್ನೆಗಳ ವಿಭಾಗದಲ್ಲಿ ಗಣಿತದವೂ ಇವೆ.

ಭಿನ್ನರಾಶಿ, ವರ್ಗಮೂಲದೊಳಗಿನ ಪದ, ಸಂಕಲನದ ಮಿತಿಗಳಿಗೆ ಬಿಡಿ ಚಿಹ್ನೆ ಸಾಲದು. ವರ್ಡ್‌ನಲ್ಲಿ ಆಲ್ಟ್ ಜೊತೆ = ಒತ್ತಿ ಸಮೀಕರಣದ ಚೌಕ ತೆರೆಯಿರಿ. ಅಲ್ಲಿ <= ಹೊಡೆದು ಸ್ಪೇಸ್ ಒತ್ತಿದರೆ ≤, /= ಹೊಡೆದರೆ ≠ ಆಗುತ್ತದೆ.

ಇನ್ನು ನುಡಿ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟುಗಳ ಕಾಟ. ಆ ಫಾಂಟುಗಳು 128ರಿಂದ 255ರವರೆಗಿನ ಸ್ಥಾನಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿವೆ. ¬, ×, ÷, ± ಇರುವುದೂ ಅಲ್ಲೇ. ಹಾಗಾಗಿ ¬ ಒತ್ತಿದರೆ ಕನ್ನಡದ ಚೂರೊಂದು ಕಾಣುತ್ತದೆ. ಆ ಚಿಹ್ನೆಗಷ್ಟೇ ಸೆಗೋ ಯುಐ ಸಿಂಬಲ್ ಫಾಂಟು ಕೊಟ್ಟರೆ ಪರದೆಯಲ್ಲೂ ಮುದ್ರಣದಲ್ಲೂ ಸರಿಹೋಗುತ್ತದೆ. ಆದರೆ ಪಠ್ಯವನ್ನು ಮುಂದೆಂದೋ ಯೂನಿಕೋಡಿಗೆ ಪರಿವರ್ತಿಸಿದಾಗ ಫಾಂಟು ನೋಡದೆ ಸಂಕೇತವನ್ನಷ್ಟೇ ನೋಡುವ ಪರಿವರ್ತಕ ಅದನ್ನು ಮತ್ತೆ ಕನ್ನಡವಾಗಿಸಿಬಿಡುತ್ತದೆ. ಗಣಿತ ಇರುವ ಕಡತವನ್ನು ಮೊದಲಿಂದಲೇ ಯೂನಿಕೋಡಿನಲ್ಲಿ ಶುರುಮಾಡುವುದೇ ಒಳ್ಳೆಯದು. ಕೇಂಬ್ರಿಯಾ ಮ್ಯಾತ್ ಫಾಂಟನ್ನು ಸಮೀಕರಣದ ಹೊರಗೆ ಬಳಸಬೇಡಿ, ಸಾಲಿನ ಅಂತರ ವಿಪರೀತ ಹಿಗ್ಗುತ್ತದೆ.

ವರ್ಡ್ ತಾನಾಗಿ ಮಾಡಿಕೊಡುವ ಬಾಣವನ್ನೂ ನಂಬಬೇಡಿ. --> ಹೊಡೆದಾಗ ಬರುವುದು ವಿಂಗ್‌ಡಿಂಗ್ಸ್ ಫಾಂಟಿನ ಚಿತ್ರ; ಮೇಲ್‌ಗೆ ಅಂಟಿಸಿದರೆ à ಎಂಬ ಅಕ್ಷರವಾಗಿ ಬಿಡಬಹುದು. 2192 ಹೊಡೆದು ಆಲ್ಟ್-ಎಕ್ಸ್ ಒತ್ತಿದರೆ ನಿಜವಾದ → ಸಿಗುತ್ತದೆ. ∨ ಬದಲು ಇಂಗ್ಲಿಷಿನ ವಿ, × ಬದಲು ಎಕ್ಸ್, ∑ ಬದಲು ಗ್ರೀಕಿನ Σ ಹಾಕಿದರೆ ಕಣ್ಣಿಗೆ ವ್ಯತ್ಯಾಸ ತಿಳಿಯದಿದ್ದರೂ ಹುಡುಕಿದಾಗ ಸಿಗುವುದಿಲ್ಲ. ಇದಕ್ಕೆ ಎಕ್ಸೆಲ್ ಒಂದು ಅಪವಾದ: ಅಲ್ಲಿ ಋಣ ಸಂಖ್ಯೆಗೆ ಕೀಬೋರ್ಡಿನ ಮಾಮೂಲಿ ಅಡ್ಡಗೆರೆಯನ್ನೇ ಹಾಕಿ. 2212ರ ‘ಶುದ್ಧ’ − ಅಂಟಿಸಿದರೆ ಎಕ್ಸೆಲ್ ಅದನ್ನು ಸಂಖ್ಯೆಯೆಂದು ಗುರುತಿಸದೆ ಪಠ್ಯವಾಗಿ ಇಟ್ಟುಕೊಳ್ಳಬಹುದು, ಆಗ ಮೊತ್ತದಲ್ಲಿ ಅದು ಸೇರುವುದಿಲ್ಲ.