ಕಾಫಿ ಘಮದ ಬಾಟಲಿ: ತೆರೆಯುವುದು ಹೇಗೆ, ತೆಳು ಮಾಡುವುದು ಹೇಗೆ?

ಕಾಫಿ ಪುಡಿ ಅಂಗಡಿ ಮುಂದೆ ಹೋಗುವಾಗ ಕಾಲು ತಾನಾಗಿಯೇ ನಿಧಾನವಾಗುತ್ತದೆ, ಅಲ್ವಾ? ಹುರಿದ ಬೀಜದ ಆ ಘಮದಲ್ಲಿ ನೂರಾರು ವಸ್ತುಗಳಿವೆ. ಅವುಗಳಲ್ಲಿ ಬಹಳ ಮುಖ್ಯವಾದದ್ದು ಫರ್ಫ್ಯೂರಿಲ್ ಮರ್ಕ್ಯಾಪ್ಟನ್. ಇದರಲ್ಲಿ ಗಂಧಕವಿದೆ. 1920ರ ದಶಕದಲ್ಲಿ ಸ್ಟೌಡಿಂಗರ್ ಮತ್ತು ರೈಖ್‌ಸ್ಟೈನ್ ಎಂಬ ವಿಜ್ಞಾನಿಗಳು ಕಾಫಿಯಲ್ಲಿ ಇದನ್ನು ಗುರುತಿಸಿದರು. ಇಬ್ಬರಿಗೂ ಮುಂದೆ ಬೇರೆ ಬೇರೆ ಕೆಲಸಕ್ಕೆ ನೊಬೆಲ್ ಬಂತು.

ಹಸಿ ಬೀಜದಲ್ಲಿ ಈ ಘಮ ಇರುವುದಿಲ್ಲ. ಹುರಿಯುವ ಶಾಖಕ್ಕೆ ಬೀಜದೊಳಗಿನ ಸಕ್ಕರೆ ಅಂಶ ಮತ್ತು ಗಂಧಕವಿರುವ ಅಮೈನೋ ಆಮ್ಲ ಸೇರಿ ಅದು ಹುಟ್ಟುತ್ತದೆ. ಇದನ್ನೇ ಕಾರ್ಖಾನೆಯಲ್ಲಿ ತಯಾರಿಸಿ ಬಿಸ್ಕತ್ತು, ಚಾಕಲೇಟು, ಐಸ್‌ಕ್ರೀಮಿಗೆ ಬಳಸುತ್ತಾರೆ. ಫುಡ್ ಟೆಕ್ನಾಲಜಿ ಓದುವ ಮಕ್ಕಳಿಗೆ, ಫ್ಲೇವರ್ ಲ್ಯಾಬಿಗೆ ಹೊಸದಾಗಿ ಸೇರಿದವರಿಗೆ ಒಂದಲ್ಲ ಒಂದು ದಿನ ಈ ಬಾಟಲಿ ಕೈಗೆ ಬರುತ್ತದೆ. ಮನೆಯಲ್ಲಿ ಮಾಡುವ ಕೆಲಸ ಇದಲ್ಲ, ಖಂಡಿತ ಬೇಡ.

ಬಾಟಲಿ ತೆರೆದ ಕೂಡಲೇ ಕಾಫಿ ವಾಸನೆ ಬರುತ್ತದೆ ಎಂದುಕೊಂಡರೆ ತಪ್ಪು. ಬರುವುದು ಗ್ಯಾಸ್ ಸೋರಿದಂಥ ನಾತ. ಸಿಲಿಂಡರ್ ಸೋರಿದರೆ ಗೊತ್ತಾಗಲಿ ಎಂದು ಗ್ಯಾಸಿಗೆ ಬೆರೆಸುವ ಈಥೈಲ್ ಮರ್ಕ್ಯಾಪ್ಟನ್ ಇದೇ ಮನೆತನದ್ದು. ನೂರು ಕೋಟಿ ಪಾಲು ನೀರಿಗೆ ಫರ್ಫ್ಯೂರಿಲ್ ಮರ್ಕ್ಯಾಪ್ಟನ್ ಅರ್ಧ ಪಾಲಿಗಿಂತ ಕಡಿಮೆ ಇದ್ದರೆ ತಾಜಾ ಕಾಫಿಯ ಘಮ. ಅದೇ 1ರಿಂದ 10 ಪಾಲಿಗೆ ಏರಿದರೆ ಹಳಸಿದ ಕಾಫಿ, ಜೊತೆಗೆ ಗಂಧಕದ ಕಮಟು. ವಸ್ತು ಒಂದೇ, ಪ್ರಮಾಣ ಬೇರೆ. ಹಾಗಾಗಿ ಇದರ ಕೆಲಸವೆಲ್ಲ ತೆಳು ಮಾಡುವುದರಲ್ಲೇ ಇದೆ.

ಮೊದಲು ಜಾಗ ನೋಡಿಕೊಳ್ಳಿ. ಫ್ಯೂಮ್ ಹುಡ್ (ಆವಿಯನ್ನು ಹೊರಗೆ ಎಳೆದುಹಾಕುವ ಲ್ಯಾಬಿನ ಕಪಾಟು) ಇಲ್ಲದೆ ಮುಚ್ಚಳಕ್ಕೆ ಕೈ ಹಾಕಬೇಡಿ. ಇದು ಬೆಂಕಿ ಹಿಡಿಯುವ ದ್ರವ. ಸುಮಾರು 45 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇದರ ಆವಿಗೆ ಕಿಡಿ ತಗುಲಿದರೆ ಹೊತ್ತಿಕೊಳ್ಳುತ್ತದೆ. ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಅಷ್ಟು ಶಾಖ ಸುಲಭವಾಗಿ ಏರುತ್ತದೆ, ಸಾಗಿಸುವವರು ಇದನ್ನು ಮರೆಯಬಾರದು. ಹತ್ತಿರದಲ್ಲಿ ಬರ್ನರ್, ಹೀಟರ್ ಯಾವುದೂ ಉರಿಯುತ್ತಿರಬಾರದು. ನೈಟ್ರೈಲ್ ಕೈಗವಸು, ಕನ್ನಡಕ, ಕೋಟು ಹಾಕಿಕೊಳ್ಳಿ. ನುಂಗಿದರೆ, ಆವಿ ಜಾಸ್ತಿ ಉಸಿರಾಡಿದರೆ ದೇಹಕ್ಕೆ ಹಾನಿ. ಮೂಗನ್ನು ನಂಬಿ ಕೂರಬೇಡಿ. ಸ್ವಲ್ಪ ಹೊತ್ತಿಗೆ ಮೂಗು ಒಗ್ಗಿಹೋಗುತ್ತದೆ, ನಾತ ಇದ್ದರೂ ಇಲ್ಲದಂತೆ ಅನಿಸುತ್ತದೆ.

ಈಗ ಅಳತೆ. ಹುಡ್‌ನೊಳಗೆ ಗಾಜಿನ ಬಾಟಲಿಯಲ್ಲಿ ಫ್ಲೇವರ್ ಕರಗಿಸಲು ಬಳಸುವ ದ್ರವವಾದ ಪ್ರೊಪಿಲೀನ್ ಗ್ಲೈಕಾಲ್ 99 ಗ್ರಾಂ ಮೊದಲೇ ತೂಗಿಡಿ. ನೀರು ಬೇಡ, ಶುದ್ಧ ರೂಪದಲ್ಲಿ ಮರ್ಕ್ಯಾಪ್ಟನ್ ನೀರಿನಲ್ಲಿ ಸರಿಯಾಗಿ ಬೆರೆಯುವುದಿಲ್ಲ. ಗ್ಲೈಕಾಲಿಗೆ 1 ಗ್ರಾಂ ಮರ್ಕ್ಯಾಪ್ಟನ್ ಹಾಕಿ, ಮುಚ್ಚಿ, ಅಲ್ಲಾಡಿಸಿ. ಮೂಲ ಬಾಟಲಿಯನ್ನು ಆ ಕ್ಷಣವೇ ಬಿಗಿಯಾಗಿ ಮುಚ್ಚಿಬಿಡಿ. ಈಗ ಕೈಯಲ್ಲಿರುವುದು ನೂರಕ್ಕೆ 1. ಇದರಿಂದ 1 ಗ್ರಾಂ ತೆಗೆದು ಮತ್ತೆ 99 ಗ್ರಾಂ ಗ್ಲೈಕಾಲಿಗೆ ಹಾಕಿದರೆ ಹತ್ತು ಸಾವಿರಕ್ಕೆ 1. ಮೂರನೇ ಸಲ ಹತ್ತು ಲಕ್ಷಕ್ಕೆ 1. ನಾಲ್ಕು ಮತ್ತು ಐದನೇ ಸಲ ನೀರಿಗೇ ಹಾಕಬಹುದು. ಪ್ರತಿ ಸಲವೂ ಹೊಸ ಪಿಪೆಟ್ ಬಳಸಿ. ಹಳೆಯದರ ತುದಿಯಲ್ಲಿ ಅಂಟಿದ ಒಂದು ಚೂರು ಸಾಕು, ಲೆಕ್ಕವೆಲ್ಲ ಕೆಡುತ್ತದೆ.

ನಾಲ್ಕನೆಯದಕ್ಕೆ ಕಾಗದದ ಪಟ್ಟಿ ಅದ್ದಿ ಮೂಗಿನಿಂದ ದೂರ ಹಿಡಿದರೆ ಇನ್ನೂ ಮುಖ ಸಿಂಡರಿಸುವ ಹಾಗೇ ಇರುತ್ತದೆ. ಐದನೆಯದನ್ನು ಹಿಡಿದು ನೋಡಿ, ಆಗತಾನೇ ಪುಡಿ ಮಾಡಿದ ಕಾಫಿ! ಎಷ್ಟು ಸಲ ಮಾಡಿದರೂ ನನಗೆ ಈ ಘಳಿಗೆ ಹಳತಾಗಿಲ್ಲ.

ಬಳಸಿದ ಕೈಗವಸು, ಟಿಶ್ಯೂಗಳನ್ನು ಸುಮ್ನೆ ಕಸದ ಬುಟ್ಟಿಗೆ ಎಸೆಯಬೇಡಿ. ನಾನು ಕೆಲಸಕ್ಕಿದ್ದ ಒಂದು ಕಡೆ ಹಾಗೆ ಎಸೆದ ಒಂದೇ ಒಂದು ಕೈಗವಸಿಗೆ ಮೇಲಿನ ಮಹಡಿಯವರು ಗ್ಯಾಸ್ ಸೋರುತ್ತಿದೆ ಎಂದು ಓಡಿ ಬಂದಿದ್ದರು. ಅಂಥವನ್ನು ಜಿಪ್ ಚೀಲದಲ್ಲಿ ಹಾಕಿ ಹುಡ್‌ನೊಳಗೇ ಇಡಿ. ಗಾಜಿನ ಸಾಮಾನನ್ನು ಮೊದಲು ನೀರಿನಲ್ಲಿ ಜಾಲಿಸಿ, ಆ ನೀರನ್ನು ತ್ಯಾಜ್ಯದ ಬಾಟಲಿಗೆ ಸುರಿಯಿರಿ, ಸಿಂಕಿಗಲ್ಲ. ಆಮೇಲೆ ತೆಳುವಾದ ಬ್ಲೀಚ್ ನೀರಿನಲ್ಲಿ ನೆನೆಹಾಕಿದರೆ ಗಂಧಕದ ಭಾಗ ಆಕ್ಸಿಡೀಕರಣಗೊಂಡು ನಾತ ಹೋಗುತ್ತದೆ. ಆದರೆ ಶುದ್ಧ ದ್ರವದ ಮೇಲೆ ನೇರವಾಗಿ ಬ್ಲೀಚ್ ಸುರಿಯಲೇಬಾರದು, ಭಾರಿ ಶಾಖ ಎದ್ದು ಸಿಡಿಯಬಹುದು. ಬ್ಲೀಚಿನ ಜೊತೆ ಆಮ್ಲ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ಸ್ಪಿರಿಟ್ ಕೂಡ ಬ್ಲೀಚಿನ ಹತ್ತಿರ ಬೇಡ.

ಚೆಲ್ಲಿದರೆ ಮರಳು ಸುರಿದು ಹೀರಿಸಿ, ಗೋರಿ, ಮುಚ್ಚಳವಿರುವ ಡಬ್ಬಕ್ಕೆ ತುಂಬಿ, ಅಪಾಯಕಾರಿ ತ್ಯಾಜ್ಯ ಒಯ್ಯುವವರಿಗೆ ಕೊಡಿ.

ಉಳಿದ ಬಾಟಲಿಯನ್ನು ಫ್ರಿಜ್ಜಿನಲ್ಲಿ, ಸಾಧ್ಯವಾದರೆ ನೈಟ್ರೋಜನ್ ತುಂಬಿಸಿ ಇಡಿ. ಊಟದ ಡಬ್ಬಿ ಇಡುವ ಫ್ರಿಜ್ ಅಲ್ಲ, ರಾಸಾಯನಿಕಕ್ಕೆಂದೇ ಇರುವ, ಒಳಗೆ ಕಿಡಿ ಹಾರದ ಫ್ರಿಜ್. ಗಾಳಿ ತಾಗಿದರೆ ಎರಡೆರಡು ಅಣುಗಳು ಕೂಡಿಕೊಂಡು ಡೈಸಲ್ಫೈಡ್ ಆಗುತ್ತವೆ, ಘಮ ಬದಲಾಗುತ್ತದೆ. ತೆರೆದ ದಿನಾಂಕವನ್ನು ಬಾಟಲಿಯ ಮೇಲೆ ಬರೆದಿಡಿ. ತೆಳು ಮಾಡಿದವು ಇನ್ನೂ ಬೇಗ ಕೆಡುತ್ತವೆ. ಐದನೇ ಬಾಟಲಿಯನ್ನಂತೂ ಬೇಕಾದ ದಿನವೇ ಹೊಸದಾಗಿ ಮಾಡಿಕೊಳ್ಳಿ.