ಪೊಚಿತೆಲ್, ಬ್ಲಾಗಾಯ್, ಮೊಸ್ತಾರ್: ಒಂದೇ ದಿನ, ಕಾರಿಲ್ಲದೆ

ಸರಾಯೆವೊದಿಂದ ಬೆಳಗ್ಗೆ ಹೊರಟು, ಬೋಸ್ನಿಯಾದ ಈ ಮೂರು ಹಳೇ ಊರುಗಳನ್ನು ರೈಲು, ಬಸ್ಸಿನಲ್ಲೇ ನೋಡಿ ರಾತ್ರಿ ವಾಪಸ್ ಬರಬಹುದು ಎಂದು ನಾನು ಹೇಳುತ್ತಲೇ ಇದ್ದೆ. ಜರ್ಮನಿಯ ನಮ್ಮ ಕನ್ನಡ ಬಳಗದಲ್ಲಿ ಒಬ್ಬರೂ ಒಪ್ಪಲಿಲ್ಲ. "ಕಾರು ತಗೋ, ಇಲ್ಲಾಂದ್ರೆ ಟೂರ್ ಬಸ್ ಹತ್ತು, ಸುಮ್ನೆ ಒದ್ದಾಡಬೇಡ" ಅಂದರು. ಕಳೆದ ಸೆಪ್ಟೆಂಬರಿನಲ್ಲಿ ಮಾಡಿ ತೋರಿಸಿದೆ. ಓಡಲಿಲ್ಲ, ಊಟ ತಪ್ಪಲಿಲ್ಲ. ಪ್ರತಿ ಊರಲ್ಲೂ ಕೂತು ಯೋಚಿಸೋಕೆ ಪುರುಸೊತ್ತು ಸಿಕ್ಕಿತು.

ಮೊದಲು ಕೈಕೊಟ್ಟಿದ್ದನ್ನು ಹೇಳುತ್ತೇನೆ. ಕ್ರೊಯೇಷಿಯಾದ ದುಬ್ರೊವ್ನಿಕ್‌ನಿಂದ ಟೂರ್ ಬಸ್ಸಿನಲ್ಲಿ ಹೋಗಿದ್ದೆ. ತಲೆಗೆ 65 ಯೂರೊ ಹತ್ತಿರ, ಊಟ ಬೇರೆ. ಗಡಿಯಲ್ಲಿ ಕ್ಯೂ. ಮೊಸ್ತಾರ್ ತಲುಪಿದಾಗ ನಡು ಮಧ್ಯಾಹ್ನ. ಉಳಿದ ಎಲ್ಲ ಟೂರ್ ಬಸ್ಸುಗಳೂ ಅದೇ ಹೊತ್ತಿಗೆ ಬಂದು ಇಳಿಸುತ್ತವೆ. ಅಲ್ಲಿನ ಹಳೇ ಕಲ್ಲಿನ ಸೇತುವೆ ಮೇಲೆ ಕಾಲಿಡೋಕೆ ಜಾಗವಿಲ್ಲ. ಎರಡು ಗಂಟೆ ಕೊಟ್ಟು, ಬಾವುಟ ಎತ್ತಿ ಕರೆದುಕೊಂಡು ಹೊರಟೇಬಿಟ್ಟರು. ಇನ್ನೊಂದು ವಿಷಯ. 2023ರಿಂದ ಕ್ರೊಯೇಷಿಯಾ ಶೆಂಗೆನ್ ವೀಸಾ ವಲಯದ ಒಳಗಿದೆ, ಬೋಸ್ನಿಯಾ ಇಲ್ಲ. ಊರಿಂದ ಅಪ್ಪ ಅಮ್ಮನನ್ನು ಕರೆಸಿಕೊಂಡವರು ಇದನ್ನು ನೋಡಿಕೊಳ್ಳಿ. ಅವರದು ಸಿಂಗಲ್ ಎಂಟ್ರಿ ವೀಸಾ ಆದರೆ ಮೊಸ್ತಾರ್‌ಗೆ ಹೋದವರು ದುಬ್ರೊವ್ನಿಕ್‌ಗೆ ವಾಪಸ್ ಬರಲಾಗದು.

ಬಾಡಿಗೆ ಕಾರೂ ಆಯಿತು. ದಿನದ ಬಾಡಿಗೆ, ಗಡಿ ದಾಟಿಸಲು ಬೇರೆ ದುಡ್ಡು, ಪೆಟ್ರೋಲು, ಪಾರ್ಕಿಂಗ್ ಎಲ್ಲ ಸೇರಿ 130 ಯೂರೊ ದಾಟಿತು. ನೆರೆತ್ವಾ ನದಿಯ ಕಣಿವೆಯಂಥ ಜಾಗದಲ್ಲಿ ಎದುರಿನ ಲಾರಿ ನೋಡುತ್ತಾ ಕೂರೋದು ನನಗೆ ಬೇಡವೇ ಬೇಡ.

ಆಮೇಲೆ ಬಸ್ಸಿನಲ್ಲೇ ಸ್ತೋಲಾತ್ಸ್ ಅನ್ನೋ ಊರನ್ನೂ ಸೇರಿಸಲು ಹೋದೆ. ಬಸ್ಸು ಕಡಿಮೆ, ಇಡೀ ದಿನ ಅಲ್ಲೇ ಕಳೆಯಿತು. ಆದರೂ ಆ ದಿನ ದಂಡವಲ್ಲ. ಊರಾಚೆ ರಾದಿಮ್ಲ್ಯಾದಲ್ಲಿ ಮಧ್ಯಕಾಲದ ಸಮಾಧಿ ಕಲ್ಲುಗಳಿವೆ, ನೂರಕ್ಕೂ ಜಾಸ್ತಿ. ಒಂದರ ಮೇಲೆ ಬಲಗೈ ಎತ್ತಿದ ಗಂಡಸು, ಅಂಗೈ ಮೈಗಿಂತ ಅಗಲವೇನೋ ಅನ್ನುವಷ್ಟು ದೊಡ್ಡದು. ನಮ್ಮ ಮಾಸ್ತಿಕಲ್ಲಿನ ಎತ್ತಿದ ಕೈಯೇ ನೆನಪಾಯಿತು. ಎಷ್ಟೋ ಹೊತ್ತು ಅಲ್ಲೇ ನಿಂತಿದ್ದೆ. ಸ್ತೋಲಾತ್ಸ್‌ಗೆ ಬೇರೆ ದಿನ ಇಟ್ಟುಕೊಳ್ಳಿ.

ಕೊನೆಗೆ ಕೆಲಸ ಮಾಡಿದ ದಾರಿ ಇದು: ದೂರದ ಊರು ಮೊದಲು, ಮೊಸ್ತಾರ್ ಕೊನೆಗೆ.

ಬೆಳಗ್ಗೆ 7ರ ಸುಮಾರಿಗೆ ಸರಾಯೆವೊದಿಂದ ರೈಲು. ಎರಡು ಗಂಟೆ ದಾರಿ, ಟಿಕೆಟ್ಟು 12 ಮಾರ್ಕ್ (ಬೋಸ್ನಿಯಾದ ದುಡ್ಡು) ಆಸುಪಾಸು. ಒಂದು ಯೂರೊಗೆ ಎರಡು ಮಾರ್ಕ್ ಅಂದುಕೊಳ್ಳಿ. ಕೊನ್ಯಿತ್ಸ್ ದಾಟಿದ ಮೇಲೆ ಯಾಬ್ಲಾನಿತ್ಸಾ ಕೆರೆ, ಆಮೇಲೆ ಹಸಿರು ನೀರಿನ ಕಣಿವೆ. ಯಾವ ಕಡೆ ಕೂರಬೇಕು ಅನ್ನೋದನ್ನು ಎರಡೂ ಕಡೆ ಕೂತು ಕಂಡುಕೊಂಡಿದ್ದೇನೆ. ಅದನ್ನು ನೀವೇ ಕಂಡುಕೊಳ್ಳಿ.

ಮೊಸ್ತಾರ್‌ನಲ್ಲಿ ರೈಲು ನಿಲ್ದಾಣದ ಪಕ್ಕದಲ್ಲೇ ಬಸ್ ನಿಲ್ದಾಣ. ಊರೊಳಗೆ ಹೋಗಬೇಡಿ. ನೇರ ಚಾಪ್ಲಿನಾ ಕಡೆಯ ಬಸ್ಸು ಹತ್ತಿ. ಅದು ಪೊಚಿತೆಲ್‌ನಲ್ಲಿ ರಸ್ತೆ ಬದಿಯಲ್ಲೇ ಇಳಿಸುತ್ತದೆ. ಗುಡ್ಡಕ್ಕೆ ಅಂಟಿಕೊಂಡ ಕಲ್ಲಿನ ಊರು. 1471ರಲ್ಲಿ ಆಟೊಮನ್ನರ ಕೈಸೇರಿತು. 1563ರ ಮಸೀದಿ 1993ರಲ್ಲಿ ಬೋಸ್ನಿಯಾ ಯುದ್ಧದ ವೇಳೆ ಹಾಳಾಗಿ, ಮತ್ತೆ ಎದ್ದಿದೆ. ಇಲ್ಲಿನ ಮುಸ್ಲಿಮರನ್ನು ಆಗ ಕ್ರೊಯೇಟ್ ಪಡೆಯವರು ಊರು ಬಿಡಿಸಿ ಓಡಿಸಿದ್ದರು. ಕೋಟೆ ಮೇಲಿಂದ ನೋಡಿದರೆ ರಿಪೇರಿಯಾದ ಮನೆ, ಪಕ್ಕದಲ್ಲೇ ಮಾಡಿಲ್ಲದ ಮನೆ. ಎಲ್ಲರೂ ವಾಪಸ್ ಬಂದಿಲ್ಲ ಅಂತ ಯಾರೂ ಹೇಳಬೇಕಾಗಿಲ್ಲ. ಕೆಳಗೆ ಅಜ್ಜಿಯರು ಅಂಜೂರ, ದಾಳಿಂಬೆ ರಸ ಮಾರುತ್ತಾರೆ. ಅವರ ಹತ್ತಿರವೇ ಕೊಳ್ಳಿ.

ಇಲ್ಲಿಂದ ಬ್ಲಾಗಾಯ್‌ಗೆ ಹೋಗೋಕೆ ಎಲ್ಲರೂ ಮೊಸ್ತಾರ್‌ಗೆ ವಾಪಸ್ ಹೋಗುತ್ತಾರೆ. ಅಲ್ಲೇ ಎರಡು ಗಂಟೆ ಹೋಗುವುದು. ನಾನು ನಡುವೆ ಬುನಾ ಹಳ್ಳಿಯಲ್ಲಿ ಇಳಿದೆ. ಅಲ್ಲಿಂದ ಬ್ಲಾಗಾಯ್ ಐದಾರು ಕಿಲೋಮೀಟರ್ ಅಷ್ಟೇ. ಟ್ಯಾಕ್ಸಿಗೆ 15 ಮಾರ್ಕ್. ಟ್ಯಾಕ್ಸಿಯವರನ್ನು ಮೊದಲೇ ಹೇಗೆ ಗೊತ್ತು ಮಾಡಿಕೊಂಡೆ ಅನ್ನೋದು ನನ್ನ ಹತ್ತಿರವೇ ಇರಲಿ.

ಬ್ಲಾಗಾಯ್‌ನಲ್ಲಿ ಸುಮಾರು 200 ಮೀಟರ್ ಎತ್ತರದ ಬಂಡೆ. ಅದರ ಬುಡದ ಗುಹೆಯಿಂದ ಬುನಾ ನದಿ ಪೂರ್ತಿ ನದಿಯಾಗಿಯೇ ಹೊರಬರುತ್ತದೆ. ಪಕ್ಕದಲ್ಲಿ ಸೂಫಿಗಳ ಮಠ. ತಲೆಗೆ ಬಟ್ಟೆ ಅಲ್ಲೇ ಕೊಡುತ್ತಾರೆ. ಹೋಟೆಲುಗಳಲ್ಲಿ ಹೆಚ್ಚಾಗಿ ಮೀನೇ. ಸಸ್ಯಾಹಾರಿಗಳು ಬೆಳಗ್ಗೆ ಸರಾಯೆವೊದಲ್ಲೇ ಜೆಲ್ಯಾನಿತ್ಸಾ ಕಟ್ಟಿಸಿಕೊಳ್ಳಿ, ಅದು ಸೊಪ್ಪು ತುಂಬಿ ಬೇಯಿಸಿದ ಪದರದ ತಿಂಡಿ. ಬುರೆಕ್ ಅಂತ ಕೇಳಿದರೆ ಮಾಂಸದ್ದೇ ಬರುತ್ತದೆ.

ಅಲ್ಲಿಂದ ಸಿಟಿ ಬಸ್ಸಿನಲ್ಲಿ ಮೊಸ್ತಾರ್. ನಾಲ್ಕು ದಾಟಿತ್ತು, ಟೂರ್ ಬಸ್ಸುಗಳು ಹೊರಟುಹೋಗಿದ್ದವು. 1566ರ ಸೇತುವೆ 427 ವರ್ಷ ನಿಂತು, 1993ರ ನವೆಂಬರ್ 9ರಂದು ಕ್ರೊಯೇಟ್ ಪಡೆಯ ಟ್ಯಾಂಕ್ ಗುಂಡುಗಳಿಗೆ ಬಿತ್ತು. 2004ರಲ್ಲಿ ಮತ್ತೆ ತೆರೆಯಿತು. ಫೋಟೊ ತೆಗೆದು ವಾಪಸ್ ಹೋಗುವವರಿಗೆ ಕಥೆ ಅಲ್ಲಿಗೆ ಮುಗಿಯುತ್ತದೆ. ನೀವು ಪಶ್ಚಿಮಕ್ಕೆ ಹತ್ತು ನಿಮಿಷ ನಡೆದು ಬುಲೆವಾರ್ ರಸ್ತೆಗೆ ಹೋಗಿ. ಯುದ್ಧದಲ್ಲಿ ಕ್ರೊಯೇಟರು, ಬೋಸ್ನಿಯಾದ ಮುಸ್ಲಿಮರು, ಈ ಎರಡು ಕಡೆಯವರ ನಡುವಿನ ಗಡಿ ಅದೇ. ಗುಂಡಿನ ತೂತುಗಳಿರುವ ಗೋಡೆಗಳು ಈಗಲೂ ಇವೆ. ಸೇತುವೆ ಎದ್ದ ಮೇಲೂ, 2008ರಿಂದ 2020ರವರೆಗೆ ಈ ಊರಿಗೆ ನಗರಸಭೆ ಚುನಾವಣೆಯೇ ಆಗಲಿಲ್ಲ. ಎರಡು ಕಡೆಯವರಿಗೂ ಒಪ್ಪಂದವಾಗಲಿಲ್ಲ. ಕಲ್ಲು ಜೋಡಿಸೋದು ಬೇಗ ಆಯಿತು ಅನ್ನಿಸಿತು ನನಗೆ. ಈ ರಸ್ತೆಯಲ್ಲಿ ನಿಲ್ಲೋದಕ್ಕಾಗಿಯೇ ನಾನು ಮೊಸ್ತಾರನ್ನು ಸಂಜೆಗೆ ಇಟ್ಟಿದ್ದು.

ಒಟ್ಟು ಖರ್ಚು ಊಟ, ಕಾಫಿ, ಮಠದ ಟಿಕೆಟ್ಟು, ರಾತ್ರಿ ಬಸ್ಸು ಎಲ್ಲ ಸೇರಿ 90 ಮಾರ್ಕ್ ಹತ್ತಿರ, ಅಂದರೆ 46 ಯೂರೊ. ಟೂರಿಗಿಂತ ಕಡಿಮೆ, ಸಿಕ್ಕ ಸಮಯ ಎರಡು ಪಟ್ಟು ಜಾಸ್ತಿ. ಸರಾಯೆವೊಗೆ ಕೊನೆಯ ಬಸ್ಸು ಎಷ್ಟಕ್ಕೆ ಅಂತ ಬೆಳಗ್ಗೆ ರೈಲಿಳಿದ ತಕ್ಷಣವೇ ನಿಲ್ದಾಣದಲ್ಲಿ ಕೇಳಿ, ಟಿಕೆಟ್ಟನ್ನೂ ಆಗಲೇ ತಗೊಳ್ಳಿ. ಚಿಲ್ಲರೆ ಇಟ್ಟುಕೊಂಡಿರಿ, ಡಿಕ್ಕಿಯಲ್ಲಿ ಇಡುವ ಬ್ಯಾಗಿಗೆ ಬೇರೆ ದುಡ್ಡು ಕೇಳುತ್ತಾರೆ.