ಸಂಶೋಧನಾ ಲೇಖನವನ್ನು ಎಲ್ಲಿಂದ ಓದಬೇಕು

ಹೊಸ ಸಂಶೋಧನಾ ಲೇಖನವೊಂದು ಕೈಗೆ ಬಂದಾಗ ಸಾರಾಂಶವನ್ನಷ್ಟೇ ಓದಿ ಕೈಬಿಡಬೇಡಿ. ನೇರವಾಗಿ ‘ವಿಧಾನ’ ಎಂಬ ಭಾಗಕ್ಕೆ ಹೋಗಿ, ಯಾರನ್ನು ಅಥವಾ ಯಾವುದನ್ನು ಅಳೆದರು, ಹೇಗೆ ಅಳೆದರು ಎಂಬೆರಡನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಫಲಿತಾಂಶದ ಅಂಕಿಗಳನ್ನು ತೂಗಿ ನೋಡಲು ಈ ಹಾಳೆಯೇ ಆಧಾರ.

2015ರ ನವೆಂಬರ್‌ನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಎಂಬ ವೈದ್ಯಕೀಯ ಪತ್ರಿಕೆ ಪ್ರಕಟಿಸಿದ ‘ಸ್ಪ್ರಿಂಟ್’ ಅಧ್ಯಯನವನ್ನು ತೆಗೆದುಕೊಳ್ಳೋಣ. ಅಮೆರಿಕದಲ್ಲಿ 50 ವರ್ಷ ದಾಟಿದ, ಅಧಿಕ ರಕ್ತದೊತ್ತಡವಿದ್ದ 9,361 ಜನರನ್ನು ಎರಡು ಗುಂಪು ಮಾಡಿ, ಒಂದರಲ್ಲಿ ಮೇಲಿನ ಬಿಪಿಯನ್ನು 120ಕ್ಕಿಂತ, ಇನ್ನೊಂದರಲ್ಲಿ 140ಕ್ಕಿಂತ ಕೆಳಗಿಳಿಸುವ ಗುರಿ ಇಟ್ಟುಕೊಳ್ಳಲಾಗಿತ್ತು. ಮೊದಲ ಗುಂಪಿನಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನಂಥ ತೊಂದರೆಗಳು ಶೇ. 25ರಷ್ಟು ಕಡಿಮೆಯಾದವು. ಇಲ್ಲಿ ನಿಂತು, ಎಷ್ಟರಲ್ಲಿ 25 ಎಂದು ಕೇಳಿಕೊಳ್ಳಿ. ಕೋಷ್ಟಕ ತೆರೆದರೆ, ವರ್ಷಕ್ಕೆ ಶೇ. 2.19 ಇದ್ದದ್ದು ಶೇ. 1.65ಕ್ಕೆ ಇಳಿದಿರುವುದು ಕಾಣುತ್ತದೆ. ಅಂದರೆ ಸಾವಿರ ಜನರಲ್ಲಿ ವರ್ಷಕ್ಕೆ ಐದಾರು ಮಂದಿಗೆ ಆಗಬಹುದಾದ ತೊಂದರೆ ತಪ್ಪಿತು. ಇದು ಸಣ್ಣ ಲಾಭವೇನಲ್ಲ, ಆದರೆ ‘ಕಾಲು ಭಾಗ’ ಎಂಬ ಮಾತು ಮೂಡಿಸುವ ಚಿತ್ರವೇ ಬೇರೆ.

ಈಗ ನಿಮ್ಮ ಹಾಳೆಗೆ ಮರಳಿ. ಸಕ್ಕರೆ ಕಾಯಿಲೆ ಇದ್ದವರನ್ನೂ ಹಿಂದೆ ಪಾರ್ಶ್ವವಾಯು ಆಗಿದ್ದವರನ್ನೂ ಈ ಅಧ್ಯಯನಕ್ಕೆ ಸೇರಿಸಿಕೊಂಡಿರಲಿಲ್ಲ. ಬಿಪಿಯನ್ನು ಅಳೆದದ್ದು, ಐದು ನಿಮಿಷ ಸುಮ್ಮನೆ ಕೂರಿಸಿದ ನಂತರ, ಸ್ವಯಂಚಾಲಿತ ಯಂತ್ರದಿಂದ ಮೂರು ಬಾರಿ. ಮೆಟ್ಟಿಲು ಹತ್ತಿ ಬಂದ ಕೂಡಲೇ ತೋಳಿಗೆ ಪಟ್ಟಿ ಕಟ್ಟಿ ನೋಡಿದ ಅಂಕಿಗೂ ಆ 120ಕ್ಕೂ ಹೋಲಿಕೆ ಸಲ್ಲದು. ಲಾಭದ ಕೋಷ್ಟಕದಷ್ಟೇ ಶ್ರದ್ಧೆಯಿಂದ ಹಾನಿಯ ಕೋಷ್ಟಕವನ್ನೂ ಓದಿ: ಬಿಪಿ ತೀರಾ ಇಳಿಯುವುದು, ಪ್ರಜ್ಞೆ ತಪ್ಪುವುದು, ಮೂತ್ರಪಿಂಡಕ್ಕೆ ಪೆಟ್ಟಾಗುವುದು ಮೊದಲ ಗುಂಪಿನಲ್ಲೇ ಹೆಚ್ಚಾಗಿದ್ದವು.

ಬೇರೆ ಶಾಸ್ತ್ರಗಳಲ್ಲೂ ಇದೇ ಕ್ರಮ ಸಲ್ಲುತ್ತದೆ. ಕಾಂಕ್ರೀಟ್ ಕುರಿತ ಲೇಖನದಲ್ಲಿ ಕಾಣುವ ಬಲವು ಸಾಮಾನ್ಯವಾಗಿ 28 ದಿನ ನೀರಿನಲ್ಲಿಟ್ಟ ಅಚ್ಚಿನ ತುಂಡಿನದೇ ಹೊರತು, ಬಿಸಿಲಿನಲ್ಲಿ ಎರಡು ದಿನ ಕ್ಯೂರಿಂಗ್ (ನೀರುಣಿಸಿ ಒದ್ದೆಯಾಗಿಡುವುದು) ತಪ್ಪಿದ ಕಂಬದ್ದಲ್ಲ. ಸಾಗರದ ಉಷ್ಣಾಂಶದ ಲೇಖನವಾದರೆ ಆಳವನ್ನು ಗುರುತಿಸಿಕೊಳ್ಳಿ. ಜಗತ್ತಿನ ಸಮುದ್ರಗಳಲ್ಲಿ ತೇಲುವ ಸುಮಾರು 4,000 ಆರ್ಗೋ ಯಂತ್ರಗಳಲ್ಲಿ ಹೆಚ್ಚಿನವು ಹತ್ತು ದಿನಕ್ಕೊಮ್ಮೆ 2,000 ಮೀಟರ್ ಆಳದಿಂದ ಮೇಲೇರುತ್ತಾ ಉಷ್ಣಾಂಶವನ್ನೂ ಲವಣಾಂಶವನ್ನೂ ದಾಖಲಿಸುತ್ತವೆ; ಅದಕ್ಕೂ ಕೆಳಗಿನ ನೀರಿನ ಬಗ್ಗೆ ಲೇಖನ ಏನಾದರೂ ಹೇಳಿದ್ದರೆ, ಆ ಅಳತೆ ಎಲ್ಲಿಂದ ಬಂತೆಂದು ಹುಡುಕಬೇಕು.

ಕೊನೆಗೆ, ಲೇಖನವನ್ನು ಹಿಂಪಡೆಯಲಾಗಿದೆಯೇ, ಅಂದರೆ ಅದನ್ನು ನಂಬಲಾಗದೆಂದು ಪತ್ರಿಕೆಯೇ ರದ್ದು ಮಾಡಿದೆಯೇ ಎಂದು ಪರೀಕ್ಷಿಸಿ. ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಸೂಚಿಸಿ 1998ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಲೇಖನ ಕೇವಲ 12 ಮಕ್ಕಳನ್ನು ಕುರಿತದ್ದು. ಅದನ್ನು ಪೂರ್ತಿಯಾಗಿ ಹಿಂಪಡೆದದ್ದು 2010ರಲ್ಲಿ. ಕೈಯಿಂದ ಕೈಗೆ ಸಾಗಿ ಬಂದ ಹಳೆಯ ಪಿಡಿಎಫ್‌ನಲ್ಲಿ ಇಂಥ ಸೂಚನೆ ಇರುವುದಿಲ್ಲವಾದ್ದರಿಂದ, ಪತ್ರಿಕೆಯ ಜಾಲತಾಣದಲ್ಲೇ ಆ ಲೇಖನದ ಪುಟವನ್ನು ತೆರೆದು ನೋಡಿ.